ಕಚ್ಚದ ನಾಯಿಗೆ ಮೂರು ಇಂಜೆಕ್ಷನ್

ಚಿಕ್ಕಸ್ವಾಮಿ ಕಳೆದ ಗುರುವಾರ ತೀರಿಕೊಂಡ. ಹೃದಯಾಘಾತ. ನಾಯಿ ಕಚ್ಚಿ ಅಲ್ಲ. ನಂಜನಗೂಡಿನಲ್ಲಿ ಎಲ್ಲರೂ ಮೊದಲು ಅದನ್ನೇ ಕೇಳುತ್ತಿರುವುದರಿಂದ ಹೇಳಿಬಿಟ್ಟೆ.

ನಾವಿಬ್ಬರೂ ಒಂದೇ ಶಾಲೆಯಲ್ಲಿ ಮೇಷ್ಟರಾಗಿದ್ದವರು. ನಿವೃತ್ತಿಯ ನಂತರ ಅವನು ತಾಂಡ್ಯದ ರಸ್ತೆಯ ಆರು ಬೀದಿನಾಯಿಗಳಿಗೆ ದಿನವೂ ಅನ್ನ ಹಾಕುತ್ತಿದ್ದ. ಎರಡನೇ ಸ್ಟೆಂಟ್ ಹಾಕಿಸಿಕೊಂಡ ಮೇಲೆ ಅವನಿಗೆ ಒಂದೇ ಚಿಂತೆ: ತಾನು ಹೋದರೆ ಅವಕ್ಕೆ ಯಾರು? "ನಾನಿದ್ದೇನೆ" ಎಂದುಬಿಟ್ಟೆ, ಚಕ್ರವರ್ತಿಯ ಗತ್ತಿನಲ್ಲಿ.

"ಹಂಗಾದ್ರೆ ಮೊದ್ಲು ರೇಬಿಸ್ ಇಂಜೆಕ್ಷನ್ ತಗೋ. ಮೂರು ಡೋಸು. ನಾಳೆ ಕಚ್ಚಿದ್ರೆ ಆಗ್ಲೂ ತಗೋಬೇಕು, ಕಮ್ಮಿ ಅಷ್ಟೆ."

"ಕಚ್ಚದೇ ಇದ್ರೂ ಚುಚ್ಚಿಸ್ಕೋಬೇಕಾ?"

"ದಿನಾ ನಾಯಿ ಮುಟ್ಟೋನು ಬೆಂಕಿ ಬಿದ್ಮೇಲೆ ಬಾವಿ ತೋಡ್ತಾನೇನ್ಲಾ?"

ಮೊದಲ ಡೋಸಿನ ದಿನ ನನ್ನ ಹೆಂಡತಿ ಮಂಗಳ ಎದುರು ಮನೆಯ ಚಿಕ್ಕಬಸಮ್ಮನಿಗೆ, "ಇವ್ರಿಗೆ ನಾಯಿ ಇಂಜೆಕ್ಷನ್ ಆಯ್ತು, ಕಚ್ಚಿಲ್ಲ, ಸುಮ್ನೆ" ಎಂದಳು. ಇಂಜೆಕ್ಷನ್ ಬೀದಿ ತುಂಬಿತು. 'ಕಚ್ಚಿಲ್ಲ' ಎಂಬುದು ನಮ್ಮ ಹೊಸಿಲು ದಾಟಲಿಲ್ಲ. ಹುಚ್ಚುನಾಯಿ ಕಚ್ಚಿದವನು ನೀರಿಗೆ ಹೆದರುತ್ತಾನಲ್ಲ, ಒಬ್ಬೊಬ್ಬರೇ ಚೊಂಬು ಹಿಡಿದು ನನ್ನನ್ನು ಪರೀಕ್ಷಿಸಲು ಬಂದರು.

"ಒಸಿ ಕುಡೀರಿ ಮೇಷ್ಟ್ರೇ, ನೋಡ್ಬುಟ್ಟು ಓಯ್ತೀನಿ" ಎಂದಳು ಚಿಕ್ಕಬಸಮ್ಮ.

ನಾಲ್ಕು ಮನೆಯ ನಾಲ್ಕು ಚೊಂಬು ಕುಡಿದೆ. ಐದನೆಯದನ್ನು ಪಕ್ಕಕ್ಕೆ ತಳ್ಳಿದ್ದೇ ತಪ್ಪಾಯಿತು.

"ನೀರು ಬ್ಯಾಡ ಅಂದ್ರು ಕಣವ್ವೋ!"

ಜಗಲಿ ಕ್ಷಣದಲ್ಲಿ ಖಾಲಿ. ತಿ. ನರಸೀಪುರದಿಂದ ಭಾವಮೈದುನ ಫೋನಿನಲ್ಲೇ ಅಳಲು ಶುರು ಮಾಡಿದ. ಮಂಗಳ ಆ ಐದನೇ ಚೊಂಬನ್ನೇ ಎತ್ತಿ ಕೊಟ್ಟಳು: "ಬೀದೀಲಿ ನಿಂತು ಇದೊಂದು ಕುಡಿದ್ಬಿಡ್ರೀ, ಮರ್ಯಾದೆ ಉಳೀಲಿ."

ಕುಡಿದೆ. ಉಳಿದ ಎರಡು ಡೋಸು ನನ್ನಿಂದಾಗದು ಎಂದೆ. ಚಿಕ್ಕಸ್ವಾಮಿ ನಗಲಿಲ್ಲ.

"ನಂಗೆ ಟೈಮಿಲ್ಲ ಕಣೋ" ಎಂದ ಅಷ್ಟೆ. ಏಳನೇ ದಿನವೂ ಇಪ್ಪತ್ತೊಂದನೇ ದಿನವೂ ಏದುಸಿರು ಬಿಡುತ್ತ ತಾನೇ ಬಂದು ಆಸ್ಪತ್ರೆಗೆ ಕರೆದೊಯ್ದ.

ಇಪ್ಪತ್ತೊಂದನೇ ದಿನ ಬುಧವಾರ, ಅವನು ತೀರಿಕೊಂಡದ್ದರ ಹಿಂದಿನ ದಿನ. ಆಸ್ಪತ್ರೆಯಿಂದ ನೇರ ತಾಂಡ್ಯದ ರಸ್ತೆಗೆ ಹೋದೆವು. ಅನ್ನದ ಡಬರಿಯನ್ನು ನನ್ನ ಕೈಗೆ ಕೊಟ್ಟು ಅವನು ಮೋರಿ ಕಟ್ಟೆಯ ಮೇಲೆ ಕೂತ. ಆರೂ ನಾಯಿಗಳು ಬಾಲ ಆಡಿಸುತ್ತ ನನ್ನನ್ನು ಮುತ್ತಿಕೊಂಡವು.

"ನೋಡಿದ್ಯಾ, ನನ್ನ ಒಪ್ಕೊಂಡ್ವು" ಎಂದೆ.

"ಉಬ್ಬಬೇಡ. ಬಾಲ ಆಡಿಸ್ತಿರೋದು ಡಬರಿಗೆ."

ತಿಂದು ಮುಗಿಸಿದವು. ಮೂರು ಡೋಸು ಚುಚ್ಚಿಸಿಕೊಂಡು ನಿಂತಿದ್ದ ನನ್ನನ್ನು ಲೈಟುಕಂಬದ ಹಾಗೆ ಸುತ್ತಿ ಹಾದುಹೋಗಿ, ಆರೂ ಅವನ ಕಾಲಬುಡದಲ್ಲಿ ಮಲಗಿದವು. ಅವನು ಚಪ್ಪಲಿ ಬಿಟ್ಟ, ಬರಿಪಾದದಿಂದ ಒಂದೊಂದೇ ನಾಯಿಯನ್ನು ಮೆಲ್ಲಗೆ ನನ್ನ ಕಡೆಗೆ ತಳ್ಳಿದ.