ಹೆಂಡತಿಯ ಕಣಗಳು, ನನ್ನ ಸೀಸದ ಗೋಡೆ

ಪಕ್ಕದ ಮನೆಯವನ ಏಳಿಗೆ ಕಂಡು ಹೊಟ್ಟೆ ಉರಿದರೆ ಮನೆಗೆ ಬಂದು ಒಂದು ಲೋಟ ಮಜ್ಜಿಗೆ ಕುಡಿದು ತಣ್ಣಗಾಗಬಹುದು. ಹೊಟ್ಟೆ ಉರಿಸುವವಳೇ ಮಜ್ಜಿಗೆ ಕೊಡುವವಳೂ ಆದರೆ ಏನು ಮಾಡಬೇಕು? ಕೊಟ್ಟೂರಿನ ಕಾಲೇಜೊಂದರಲ್ಲಿ ನಾನು ಫಿಸಿಕ್ಸ್ ಮೇಷ್ಟ್ರು, ನನ್ನ ಹೆಂಡತಿ ಗಿರಿಜಾ ಗಣಿತದ ಮೇಡಂ. ಕೊನೆಯ ವರ್ಷದ ಹುಡುಗರು ಪ್ರಾಜೆಕ್ಟಿಗೆ ಗೈಡ್ ಆಗಿರೆಂದು ಪ್ರತಿ ವರ್ಷ ನನ್ನನ್ನೇ ಕೇಳುತ್ತಿದ್ದರು. ನಾನು ಸ್ವಲ್ಪ ಬಿಗುಮಾನ ಮಾಡಿ ಒಪ್ಪುತ್ತಿದ್ದೆ. ಈ ವರ್ಷ ಬಿಗುಮಾನ ಮಾಡೋಣವೆಂದರೆ ಯಾರೂ ಬರಲಿಲ್ಲ.

ಕಾರಣ, ಗಿರಿಜಾ ರಜೆಯಲ್ಲಿ ಕಲಿತ ಒಂದು ಸಾಫ್ಟ್‌ವೇರ್. ಕಣಗಳು ವಸ್ತುವಿನೊಳಗೆ ಹೊಕ್ಕು ಎಲ್ಲಿ ಡಿಕ್ಕಿ ಹೊಡೆಯುತ್ತವೆ, ಎಲ್ಲಿ ತಿರುಗುತ್ತವೆ, ಎಲ್ಲಿ ನಿಂತುಹೋಗುತ್ತವೆ ಎಂದು ಲೆಕ್ಕ ಹಾಕಿ ಅದು ಪರದೆಯ ಮೇಲೆ ಗೆರೆ ಎಳೆದು ತೋರಿಸುತ್ತದೆ. ಹುಡುಗರು ನಮ್ಮ ಪಡಸಾಲೆಯಲ್ಲೇ ಠಿಕಾಣಿ ಹೂಡಿದರು. ನಾನು ತಂದ ಮಂಡಕ್ಕಿ-ಮಿರ್ಚಿ ತಿನ್ನುತ್ತ, ‘ಮೇಡಂ, ಮಂಡಕ್ಕಿಯೊಳಗ ಗಾಮಾ ಕಿರಣ ಬಿಟ್ರ ಏನಾಗತೈತ್ರಿ?’ ಎನ್ನುತ್ತಿದ್ದರು. ಮಂಡಕ್ಕಿ ನನ್ನದು, ಗಾಮಾ ಕಿರಣ ನನ್ನ ಸಬ್ಜೆಕ್ಟು, ಕೇಳುವುದು ಮಾತ್ರ ಅವಳನ್ನು.

ತಡೆಯಲಾಗಲಿಲ್ಲ. ಅವಳು ತೆಲಿಗಿಯ ತವರಿಗೆ ಹೋದ ಭಾನುವಾರ ಅವಳ ಲ್ಯಾಪ್‌ಟಾಪ್ ತೆರೆದು, ಆ ಸಾಫ್ಟ್‌ವೇರಿನಲ್ಲಿ ದಪ್ಪ ಸೀಸದ ಗೋಡೆ ಕಟ್ಟಿ, ಗಾಮಾ ಕಿರಣ ಬಿಟ್ಟೆ. ಒಂದೂ ಅತ್ತಿತ್ತ ತಿರುಗದೆ ಎಲ್ಲವೂ ನೆಟ್ಟಗೆ ದಾಟಿಹೋದವು. ಸೀಸ ಅವನ್ನು ತಡೆಯುತ್ತದೆ ಎಂದು ವರ್ಷಗಟ್ಟಲೆ ಪಾಠ ಮಾಡಿದವನಿಗೆ ಅಲ್ಲಿ ಅನುಮಾನ ಬರಬೇಕಿತ್ತು. ಬಂದದ್ದು ಖುಷಿ. ಮರುದಿನ ಲ್ಯಾಪ್‌ಟಾಪನ್ನು ಕಾಲೇಜಿಗೆ ಒಯ್ದು ಹುಡುಗರನ್ನು ಕೂರಿಸಿಕೊಂಡು, ‘ನೋಡ್ರಪ್ಪಾ, ನಿಮ್ಮ ಮೇಡಂ ಸಾಫ್ಟ್‌ವೇರ್ ಸುಳ್ಳು ಹೇಳತೈತಿ. ಇದನ್ನ ನಂಬಿದ್ರ ಪ್ರಾಜೆಕ್ಟ್ ಮುಗೀತು’ ಎಂದೆ.

ಅಷ್ಟರಲ್ಲಿ ಬಂದ ಗಿರಿಜಾ ಪರದೆ ನೋಡಿದಳು. ‘ಅದೇನೂ ಸುಳ್ಳು ಹೇಳಿಲ್ರಿ. ಕಣ ಗೋಡಿಯೊಳಗ ಹೊಕ್ಕರ ಏನೇನಾಗಬೇಕು ಅನ್ನೋದನ್ನ ನಾವು ಹೇಳಬೇಕು. ಹೇಳಲಿಲ್ಲಂದ್ರ ಸುಮ್ನ ದಾಟಿ ಹೋಗ್ತಾವು’ ಎಂದಳು. ಆಮೇಲೆ ನನ್ನ ಮಾನ ಉಳಿಸಲೆಂದು ದನಿ ತಗ್ಗಿಸಿ, ‘ಗೋಡಿ ಹಾಕೀರಿ, ಕಿರಣ ಹಾಕೀರಿ. ಫಿಸಿಕ್ಸ್ ಒಂದು ಹಾಕಿಲ್ಲ ನೋಡ್ರಿ’ ಎಂದಳು. ದನಿ ತಗ್ಗಿಸಿ ಪ್ರಯೋಜನವಾಗಲಿಲ್ಲ. ಹುಡುಗರು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ನಕ್ಕರು.

ಇನ್ನು ಈ ಜನ್ಮದಲ್ಲಿ ನನ್ನ ಹತ್ತಿರ ಯಾರೂ ಬರುವುದಿಲ್ಲ ಎಂದುಕೊಂಡೆ. ಸಂಜೆ ನೋಡಿದರೆ ಎಲ್ಲರೂ ನನ್ನ ಮೇಜಿನ ಮುಂದೆ ನಿಂತಿದ್ದಾರೆ. ‘ಸರ್, ನೀವೂ ನಮಗ ಗೈಡ್ ಆಗಬೇಕ್ರಿ. ಅದರೊಳಗಿನ ಫಿಸಿಕ್ಸ್ ನಿಮಗಾ ಚಲೋ ಗೊತ್ತೈತಿ ಅಂತ ಮೇಡಂ ಕಳಿಸ್ಯಾರ್ರಿ.’

ತಕ್ಷಣ ಒಪ್ಪಿಕೊಂಡೆ. ಆದರೆ ಮನೆ ಮುಟ್ಟುವಷ್ಟರಲ್ಲಿ ಮತ್ತೆ ಉರಿ ಶುರುವಾಯಿತು. ಸಾಫ್ಟ್‌ವೇರ್ ಅವಳದಾಯಿತು, ಹುಡುಗರು ಅವಳವರಾದರು; ಈಗ ದೊಡ್ಡ ಮನಸ್ಸೂ ಅವಳದೇ ಆಗಿಹೋಯಿತಲ್ಲ.