ಹರಿಗೋಲಿಗೆ ಹಾಯಿ ಕಟ್ಟಿದವರು

ಒಂದು ವರ್ಷ ಗೌರಿ ಹಬ್ಬದಿಂದ ಕಾರ್ತಿಕದವರೆಗೆ ನಮ್ಮ ಯಜಮಾನರು ನನ್ನನ್ನು ಗ್ರೀಸ್ ದೇಶದ ದ್ವೀಪಗಳಿಗೆಲ್ಲ ಹಾಯಿದೋಣಿಯಲ್ಲಿ ಸುತ್ತಾಡಿಸಿದರು. ಹೀಗೆಂದರೆ ನೀವು ನಮ್ಮನ್ನು ಅರಮನೆಯ ಕಡೆಯವರೆಂದುಕೊಂಡೀರಿ. ಅಯ್ಯೋ, ಹಾಗೇನಿಲ್ಲ! ಕೃಷ್ಣರಾಜನಗರದಿಂದ ಬೆಳಗ್ಗೆ ಎತ್ತಿನ ಗಾಡಿ ಹೂಡಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ನಮ್ಮ ಗ್ರೀಸ್ ದೇಶ ಸಿಗುತ್ತದೆ. ದೋಣಿಯೆಂದರೆ ಚರ್ಮ ಹೊದಿಸಿದ ಬಿದಿರಿನ ಹರಿಗೋಲು. ಹಾಯಿಯೆಂದರೆ ನನ್ನ ಸೀರೆ.

ಯಜಮಾನರ ಹೆಸರೇನು ಎಂದು ಕೇಳಬೇಡಿ. ಗಂಡನ ಹೆಸರು ಹೇಳಿದರೆ ಅವರ ಆಯಸ್ಸು ಕಡಿಮೆಯಾಗುತ್ತದೆಂದು ನನಗೆ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದರು. ಹುಣಸೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಆರು ವರ್ಷ ಓದಿದರೂ ಆ ಪಾಠ ಮಾತ್ರ ಮರೆಯಲಿಲ್ಲ. ವಿಶೇಷವಾದ ಹೆಸರೇನೂ ಅಲ್ಲ. ನಮ್ಮ ಸಂತೆಯಲ್ಲಿ ನಿಂತು ಆ ಹೆಸರು ಕೂಗಿದರೆ ಹತ್ತು ಜನ ತಿರುಗಿ ನೋಡುತ್ತಾರೆ!

ಹಿಂದಿನ ದೊಡ್ಡ ಯುದ್ಧದಲ್ಲಿ ಅವರು ಮಹಾರಾಜರ ಕುದುರೆಗಳ ಜೊತೆ ಸಮುದ್ರ ದಾಟಿ ಹೋಗಿದ್ದರು. ಕತ್ತಿ ಹಿಡಿಯುವುದಕ್ಕಲ್ಲ, ಕುದುರೆಗಳಿಗೆ ಹುಲ್ಲು ಹಾಕಿ ಮೈ ಉಜ್ಜುವುದಕ್ಕೆ. ಅಲ್ಲಿ ಜ್ವರ ಬಂದು ಆಸ್ಪತ್ರೆ ಹಡಗಿಗೆ ಏರಿಸಿದರಂತೆ. ಆ ಹಡಗು ಗ್ರೀಸ್ ದೇಶದ ಒಂದು ದ್ವೀಪದ ಹತ್ತಿರ ಹತ್ತು ದಿನ ಸುಮ್ಮನೆ ನಿಂತಿತಂತೆ. ಯಾಕೆ ನಿಂತಿತೆಂದು ಅವರಿಗೂ ಗೊತ್ತಿಲ್ಲ, ಬಹುಶಃ ಹಡಗಿಗೂ ಗೊತ್ತಿರಲಿಲ್ಲ. ಆ ಹತ್ತು ದಿನವೂ ಇವರು ಕಂಬಳಿ ಹೊದ್ದುಕೊಂಡು ಹಡಗಿನ ಅಂಚಿನಲ್ಲಿ ಕೂತು ಒಂದು ಪುಟ್ಟ ಹಾಯಿದೋಣಿಯನ್ನು ನೋಡುತ್ತಿದ್ದರು. ಅದರಲ್ಲಿ ಗಂಡ ಹೆಂಡತಿ ಇಬ್ಬರೇ. ಗಂಡ ಹಾಯಿಯ ಹಗ್ಗ ಹಿಡಿದಿರುತ್ತಿದ್ದ, ಹೆಂಡತಿ ಚುಕ್ಕಾಣಿ ಹಿಡಿದಿರುತ್ತಿದ್ದಳು. ಗಾಳಿ ತಿರುಗಿದಾಗಲೆಲ್ಲ ಆಕೆ ಗಂಡನ ಹೆಸರು ಹಿಡಿದು ಕೂಗುತ್ತಿದ್ದಳಂತೆ. ಬೆಳಗ್ಗೆ ಒಂದು ದ್ವೀಪಕ್ಕೆ, ಸಾಯಂಕಾಲ ಇನ್ನೊಂದಕ್ಕೆ.

"ಆ ಎಂಗಸು ಕೂಗ್ದೇಟ್ಗೆ ಅವ್ನು ಹಗ್ಗ ಬುಡ್ತಿದ್ದ. ಎಷ್ಟು ಚೆಂದ ಇತ್ತು ಗೊತ್ತೇನೇ?" ಎಂದು ಮದುವೆಯಾದ ಮೂರನೆಯ ದಿನ ನನಗೆ ಹೇಳಿದರು. ಬೇರೆಯವರ ಗಂಡಂದಿರು ಮೂರನೆಯ ದಿನ ಏನು ಹೇಳುತ್ತಾರೋ ನನಗೆ ತಿಳಿಯದು.

ಕನ್ನಂಬಾಡಿ ಕಟ್ಟೆ ಎದ್ದು, ಹಿನ್ನೀರು ನಮ್ಮೂರಿನ ಕೆಳಗಿನ ಹೊಲಗಳನ್ನು ಮುಳುಗಿಸಿದ ವರ್ಷ ಊರಿನವರೆಲ್ಲ ದಡದಲ್ಲಿ ನಿಂತು ಮರುಗುತ್ತಿದ್ದರು. ನಮ್ಮದೂ ಎರಡು ಗದ್ದೆ ಹೋಗಿತ್ತು. ಅಷ್ಟು ಜನರ ಮಧ್ಯೆ ಇವರೊಬ್ಬರು ಕಣ್ಣರಳಿಸಿಕೊಂಡು, "ಬಂತು ಕಣೇ ಸಮುದ್ರ!" ಎಂದು ಕೂಗಿದರು. ನಾನು ಸೆರಗನ್ನು ಮುಖದ ಮೇಲೆಳೆದುಕೊಂಡು ಮನೆಗೆ ಓಡಿದೆ. ನಾಚಿಕೆಯಿಂದ ಓಡುವ ನನ್ನ ಅಭ್ಯಾಸ ಶುರುವಾದದ್ದು ಅಂದೇ.

ನೀರಿನ ನಡುವೆ ಅಲ್ಲಲ್ಲಿ ದಿಬ್ಬಗಳು ತಲೆ ಎತ್ತಿಕೊಂಡಿದ್ದವು. ಒಂದರ ಮೇಲೆ ಮೂರು ಹುಣಸೆಮರ, ಒಂದರ ಮೇಲೆ ಯಾರದೋ ಕಣದ ಕಲ್ಲು, ಒಂದರ ಮೇಲೆ ಬರೀ ಪಾಪಾಸುಕಳ್ಳಿ. ನಮ್ಮ ಕಣ್ಣಿಗೆ ಅವು ದಿಬ್ಬ, ಇವರ ಕಣ್ಣಿಗೆ ದ್ವೀಪ. ಪಕ್ಕದೂರಿನ ಮುದುಕ ಅಂಬಿಗನಿಂದ ಒಂದು ಹಳೆಯ ಹರಿಗೋಲು ತಂದೇಬಿಟ್ಟರು. ಹಾಯಿ ಕಟ್ಟುತ್ತೇನೆಂದಾಗ ಅವನು ತಲೆಯ ಮೇಲೆ ಕೈ ಹೊತ್ತುಕೊಂಡ.

"ಬುದ್ದಿ, ಇವ್ಳು ದುಂಡಗವ್ಳೆ. ಹಾಯಿ ಕಟ್ಟುದ್ರೆ ಬುಗುರಿ ಆಯ್ತಾಳೆ."

"ನಾನು ಗ್ರೀಸ್ ದೇಶದಲ್ಲಿ ನೋಡಿವ್ನಿ ಕಣೋ."

"ಅಲ್ಲಿ ಹರಿಗೋಲಿಗೆ ಕಟ್ಟವ್ರಾ?"

"ದೋಣಿಗೆ."

"ಅಂಗನ್ನಿ ಮತ್ತೆ!" ಎಂದು ಅವನು ಎಲೆಅಡಿಕೆ ಉಗಿದು ಎದ್ದು ಹೋದ. ಅಷ್ಟು ಕಡಿಮೆ ಮಾತಿನಲ್ಲಿ ಅಷ್ಟು ಸರಿಯಾದ ಸಲಹೆ ಕೊಟ್ಟವರನ್ನು ನಾನು ಆಮೇಲೆ ಕಂಡಿಲ್ಲ.

ಹಾಯಿಗೆ ಗೂಟ ಬೇಕಲ್ಲ? ಬಿದಿರಿನ ಗಳ ಸಿಕ್ಕಿತು. ಗಳ ನೆಟ್ಟಗೆ ನಿಲ್ಲಲು ಬುಡಕ್ಕೆ ಭಾರವಾದದ್ದು, ನಡುವೆ ಕುಳಿ ಇರುವಂಥದ್ದು ಬೇಕು. ಹಾಗಿರುವ ವಸ್ತು ಮನೆಯಲ್ಲಿ ಒಂದೇ. ಮರುದಿನ ಬೆಳಗ್ಗೆ ನಮ್ಮ ಅತ್ತೆಯವರು ಮೆಣಸಿನಕಾಯಿ ಹಿಡಿದುಕೊಂಡು ಹಿತ್ತಿಲೆಲ್ಲ ಸುತ್ತುತ್ತಿದ್ದರು. "ಒರಳುಕಲ್ಲು ಕದಿಯೋ ಕಳ್ಳ ಯಾವೂರ್ನಲ್ಲವ್ನೆ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದರು. ಕಳ್ಳ ಅವರ ಹೊಟ್ಟೆಯಲ್ಲೇ ಹುಟ್ಟಿದವನೆಂದು ತಿಳಿದ ಮೇಲೆ, "ಇವ್ನ ಸಮುದ್ರಕ್ಕೆ ಬೆಂಕಿ ಬೀಳ!" ಎಂದರು. ಆ ಋತುವೆಲ್ಲ ಅವರು ಖಾರ ಅರೆಯಲು ಪಕ್ಕದ ಮನೆಗೆ ಹೋಗಬೇಕಾಯಿತು. ನಮ್ಮ ಮನೆಯ ಸುದ್ದಿಯೂ ಖಾರದ ಜೊತೆ ಅಲ್ಲೇ ನುಣ್ಣಗಾಗುತ್ತಿತ್ತು.

ಹಾಯಿಗೆ ಅವರ ಎರಡು ಹಳೆಯ ಪಂಚೆ ಸಾಲಲಿಲ್ಲ. ನನ್ನ ಕೆಂಪು ಚೌಕಳಿ ಸೀರೆಯನ್ನು ನಡುವೆ ಸೇರಿಸಿ ಹೊಲಿದರು. ಆ ಸೀರೆ ಊರಿಗೆಲ್ಲ ಗೊತ್ತು, ಏಕೆಂದರೆ ನನ್ನ ಹತ್ತಿರ ಇದ್ದ ಒಳ್ಳೆಯ ಸೀರೆಗಳು ಎರಡೇ. ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು, "ಅಲ್ನೋಡ್ರೇ, ಅಕ್ಕಯ್ಯನ ಸೀರೆ ಮುಂದಾಗಿ ಬತ್ತಾ ಅದೆ, ಅಕ್ಕಯ್ಯ ಹಿಂದಿಂದ ಬತ್ತಾಳೆ!" ಎಂದು ಬಿದ್ದುಬಿದ್ದು ನಗುತ್ತಿದ್ದರು.

ಹುಟ್ಟು ಹಿಡಿದು ದಾರಿ ತಿದ್ದುವ ಕೆಲಸ ನನ್ನದು. ಆದರೆ ದುಂಡಗಿನ ಹರಿಗೋಲಿನಲ್ಲಿ ಮುಂದು ಯಾವುದು, ಹಿಂದು ಯಾವುದು? ಅದಕ್ಕೂ ಇವರು ಉಪಾಯ ಕಂಡುಹಿಡಿದರು. ಅಂಚಿಗೆ ಒಂದು ಸುಣ್ಣದ ಬೊಟ್ಟು ಇಟ್ಟು, "ಇದು ಮುಂದು" ಎಂದರು. ಗಾಳಿ ಬೀಸಿತು. ಸುಣ್ಣದ ಬೊಟ್ಟು ಒಂದು ಸುತ್ತು ಹೊಡೆದು ನನ್ನ ಬೆನ್ನ ಹಿಂದೆ ಬಂದು ನಿಂತಿತು.

"ಮುಂದು ಹಿಂದಕ್ಕೆ ಬಂತಲ್ಲ!" ಎಂದೆ.

"ಅಂಗಾದ್ರೆ ನಾವು ವಾಪಸ್ ಹೋಯ್ತಾ ಇದೀವಿ ಅನ್ಕೋ" ಎಂದರು, ಒಂದಿಷ್ಟೂ ಬೇಜಾರಿಲ್ಲದೆ.

ದ್ವೀಪ ಮುಟ್ಟಿದ ಮೇಲೆ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಹಸಿ ಈರುಳ್ಳಿ. "ಅವ್ರೂ ಈರುಳ್ಳೀನೇ ತಿಂತಿದ್ರು ಕಣೇ" ಎಂದು ಪ್ರತಿ ಸಲವೂ ಹೇಳುತ್ತಿದ್ದರು. ಇಡೀ ಗ್ರೀಸ್ ದೇಶದಲ್ಲಿ ನಮಗೆ ಹೊಂದುವ ಪದಾರ್ಥ ಅದೊಂದೇ ಇತ್ತೆಂದು ಕಾಣುತ್ತದೆ.

ಎಲ್ಲವನ್ನೂ ಸಹಿಸಬಹುದಿತ್ತು, ಆ ಕೂಗುವ ವಿಷಯ ಒಂದನ್ನು ಬಿಟ್ಟು. ಗಾಳಿ ಜೋರಾದಾಗ ನಾನು "ಏನಂದ್ರೇ, ಹಗ್ಗ ಬಿಡಿ!" ಎನ್ನುತ್ತಿದ್ದೆ. ಇವರು ಕೇಳಿಸದವರ ಹಾಗೆ ಆಕಾಶ ನೋಡುತ್ತಿದ್ದರು.

"ಹೆಸ್ರಿಡಿದು ಕೂಗು, ಬುಡ್ತೀನಿ."

"ನಿಮ್ಮ ಆಯಸ್ಸು..."

"ಆ ಗಿರೀಕ್ ದೇಶದವ್ನ ಹೆಂಡ್ತಿ ದಿನಕ್ಕೆ ನೂರ್ಸಲ ಕೂಗ್ತಿದ್ಲು. ಅವ್ನು ಗೂಳಿ ಇದ್ದಂಗಿದ್ದ. ಇಲ್ಲಿ ಯಾರವ್ರೆ? ಬರೀ ಬೆಳ್ಳಕ್ಕಿ. ಒಂದೇ ಒಂದ್ಸಲ ಕಣೇ!"

ಬಾಯಿ ತೆರೆದೆ. ಹೆಸರಿನ ಮೊದಲ ಅಕ್ಷರ ನಾಲಿಗೆಯವರೆಗೆ ಬಂತು. ಅಷ್ಟರಲ್ಲಿ ನಾವು ಹೋಗಿ ಹುಣಸೆಮರಕ್ಕೆ ಗುದ್ದಿಕೊಂಡೆವು. ನನ್ನ ಮರ್ಯಾದೆ ಉಳಿಯಿತು, ಬುತ್ತಿ ಮುಳುಗಿತು.

ಒಂದು ಮಾತನ್ನು ನಾನು ಇದುವರೆಗೆ ಯಾರಿಗೂ ಹೇಳಿಲ್ಲ. ದೀಪಾವಳಿ ಕಳೆದ ಮೇಲೆ ಒಂದು ದಿನ ಗಾಳಿ ಹದವಾಗಿ ಬೀಸಿತು. ಹರಿಗೋಲು ಸುತ್ತಲಿಲ್ಲ. ಸುಣ್ಣದ ಬೊಟ್ಟು ಮುಂದೆಯೇ ಇತ್ತು. ಕಣದ ಕಲ್ಲಿನ ದಿಬ್ಬದಿಂದ ಹುಣಸೆ ದಿಬ್ಬದವರೆಗೆ ನೇರವಾಗಿ ಹೋದೆವು. ನೀರು ಅಡಿಯಲ್ಲಿ ಸರಸರ ಎನ್ನುತ್ತಿತ್ತು, ಹುಟ್ಟು ನನ್ನ ಕೈ ಹೇಳಿದಂತೆ ಕೇಳುತ್ತಿತ್ತು, ಸೀರೆ ತುಂಬಿದ ಬಸುರಿಯ ಹಾಗೆ ಉಬ್ಬಿತ್ತು. ನಾನು ಗಟ್ಟಿಯಾಗಿ ನಕ್ಕೆ. ಅವರು ತಿರುಗಿ ನನ್ನನ್ನು ನೋಡಿದರು. ಮನೆಗೆ ಬಂದ ಮೇಲೆ ಅತ್ತೆಯವರ ಮುಂದೆ, "ಇವರ ಹುಚ್ಚಿನಲ್ಲಿ ನನಗೆ ಸಾಕಾಗಿ ಹೋಗಿದೆ" ಎಂದೆ. ಯಜಮಾನರು ಅದನ್ನೂ ಕೇಳಿಸಿಕೊಂಡರು.

ಕಾರ್ತಿಕದಲ್ಲಿ ಹುಣಸೂರಿನ ಶಾಲೆಯ ನನ್ನ ಗೆಳತಿ ಹಿನ್ನೀರು ನೋಡಲು ಬರುತ್ತೇನೆಂದು ಕಾಗದ ಬರೆದಳು. ಅವಳೀಗ ಅಮಲ್ದಾರರ ಹೆಂಡತಿ. ಮೋಟಾರಿನಲ್ಲಿ ಇನ್ನಿಬ್ಬರು ಹೆಂಗಸರನ್ನೂ ಕರೆತಂದಳು. ನಮ್ಮ ಯಜಮಾನರನ್ನು ಅವಳು ನೋಡಿರಲಿಲ್ಲ. ಯುದ್ಧಕ್ಕೆ ಹೋಗಿ ಬಂದವರು, ದೇಶ ಕಂಡವರು ಎಂದು ನಾನೇ ಕಾಗದಗಳಲ್ಲಿ ಬರೆದಿದ್ದೆ. ಕುದುರೆಗೆ ಹುಲ್ಲು ಹಾಕುತ್ತಿದ್ದುದನ್ನು ಬರೆದಿರಲಿಲ್ಲ.

ಅವರನ್ನೆಲ್ಲ ದಡಕ್ಕೆ ಕರೆದುಕೊಂಡು ಹೋದೆ. ದೂರದಲ್ಲಿ ನನ್ನ ಸೀರೆ ಕಾಣಿಸಿತು.

ಗೆಳತಿ ಬರುತ್ತಾಳೆಂದು ಇವರು ಬೆಳಗ್ಗೆಯೇ ಕ್ಷೌರ ಮಾಡಿಸಿಕೊಂಡಿದ್ದರು. ಪೆಟ್ಟಿಗೆಯಿಂದ ಹಿತ್ತಾಳೆ ಗುಂಡಿಯ ಖಾಕಿ ಕೋಟು ತೆಗೆದು ಹಾಕಿಕೊಂಡಿದ್ದರು. ನೀರಿನ ಮೇಲಿಂದ ಬಂದು ಸ್ವಾಗತಿಸಬೇಕೆಂದು ಯೋಚಿಸಿದ್ದರೇನೋ. ಹುಟ್ಟು ಹಿಡಿಯಲು ನಾನಿಲ್ಲ. ಹರಿಗೋಲು ಅಂಬಿಗ ಹೇಳಿದಂತೆ ಬುಗುರಿಯಾಗಿತ್ತು. ಒಂದು ಸುತ್ತಿಗೆ ಕೋಟಿನ ಗುಂಡಿ ಹೊಳೆಯುತ್ತಿತ್ತು, ಇನ್ನೊಂದು ಸುತ್ತಿಗೆ ಬೆನ್ನು ಕಾಣುತ್ತಿತ್ತು. ಮುಖ ನಮ್ಮ ಕಡೆ ಬಂದಾಗಲೆಲ್ಲ ನಗುತ್ತಿದ್ದರು.

"ಅಯ್ಯೋ, ಅದ್ಯಾರೇ ಅದು!" ಎಂದು ಗೆಳತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಿಮ್ಮೂರಿನ ಹುಚ್ಚನೇನೇ?"

"ಯಾರೋ ಏನೋ. ಪಕ್ಕದೂರಿನವನಿರಬೇಕು" ಎಂದೆ.

"ನಿಮ್ಮ ಯಜಮಾನರೆಲ್ಲಿ? ಅವರನ್ನ ನೋಡಲೇಬೇಕು ಅಂತ ಬಂದೆ."

"ಮೈಸೂರಿಗೆ ಹೋಗಿದ್ದಾರೆ."

ಅಷ್ಟು ಹೊತ್ತಿಗೆ ಹರಿಗೋಲು ಹತ್ತು ಮಾರು ದೂರದಲ್ಲಿತ್ತು. ನೀರಿನ ಮೇಲೆ ಮಾತು ಎಷ್ಟು ಸಲೀಸಾಗಿ ಹೋಗುತ್ತದೆಂದು ನನಗೆ ಗೊತ್ತಿಲ್ಲದೆ ಏನು? ಕರೆಯಲು ಎತ್ತಿದ್ದ ಅವರ ಕೈ ಹಾಗೇ ತಲೆಗೆ ಹೋಗಿ ರುಮಾಲು ಸರಿಮಾಡಿತು. ಹಾಯಿಯ ಹಗ್ಗ ಬಿಟ್ಟರು. ಯಾರೂ ಹೆಸರು ಹಿಡಿದು ಕೂಗಿರಲಿಲ್ಲ, ಆದರೂ ಬಿಟ್ಟರು. ಹುಟ್ಟು ಹಾಕಿಕೊಂಡು ದಡದ ಆಪಿನ ಹುಲ್ಲಿನ ಮರೆಗೆ ಹೋದರು.

ಮೋಟಾರು ಹೊರಟು ಧೂಳು ಅಡಗಿದ ಮೇಲೆ ಮನೆಗೆ ಬಂದರು. ಕೋಟು ಮಡಿಸಿ ಕೈಯಲ್ಲಿ ಹಿಡಿದಿದ್ದರು. ನಾನು ನೀರು ಕೊಟ್ಟೆ. ಕುಡಿದು, ಲೋಟ ಕೆಳಗಿಟ್ಟು, "ಮೈಸೂರ್ನಲ್ಲಿ ಬಿಸ್ಲು ಜಾಸ್ತಿ ಕಣೇ" ಎಂದರು.

ಅಷ್ಟೇ. ಬೈಯಲಿಲ್ಲ, ಕೇಳಲಿಲ್ಲ. ನಾನಾದರೂ ಕಾಲಿಗೆ ಬೀಳಬಹುದಿತ್ತು, ಅಳಬಹುದಿತ್ತು. ನಾನು ಏನು ಮಾಡಿದೆ ಗೊತ್ತೆ? "ಊಟಕ್ಕೆ ಏಳಿ" ಎಂದೆ.

ಮಾರನೆಯ ದಿನ ಒರಳುಕಲ್ಲು ಹಿತ್ತಿಲಿಗೆ ವಾಪಸು ಬಂದಿತ್ತು. ಬಿದಿರಿನ ಗಳ ನುಗ್ಗೆಕಾಯಿ ಕೀಳುವ ದೋಟಿಯಾಯಿತು. ಸೀರೆಯ ಹೊಲಿಗೆಯನ್ನು ಅವರೇ ಎಳೆಎಳೆಯಾಗಿ ಬಿಚ್ಚಿ, ಒಗೆದು, ಮಡಿಸಿ ನನ್ನ ಪೆಟ್ಟಿಗೆಯ ಮೇಲಿಟ್ಟಿದ್ದರು. ಹರಿಗೋಲು ಅಂಬಿಗನಿಗೆ ಹೋಯಿತು. ಸಂಕ್ರಾಂತಿಯವರೆಗೆ ಸುತ್ತುವುದಿತ್ತು, ಇನ್ನೂ ನಾಲ್ಕು ದ್ವೀಪ ಉಳಿದಿದ್ದವು. ಆಮೇಲೆ ಇಷ್ಟು ವರ್ಷ ಗ್ರೀಸ್ ದೇಶದ ಹೆಸರನ್ನು ಅವರು ಎತ್ತಲಿಲ್ಲ. ನಾನು ಕೆಲವು ಸಲ ಬೇಕೆಂದೇ ಹಸಿ ಈರುಳ್ಳಿ ಬಡಿಸಿ ಅವರ ಮುಖ ನೋಡುತ್ತಿದ್ದೆ. ಸುಮ್ಮನೆ ತಿನ್ನುತ್ತಿದ್ದರು.

ಹೋದ ಮಾಘದಲ್ಲಿ ಮೂರು ದಿನ ಜ್ವರ ಬಂದು ತೀರಿಕೊಂಡರು. ಸಾವು ಬರೆದುಕೊಳ್ಳಲು ಬಂದ ಶಾನುಭೋಗರು, "ಹೆಸರು ಹೇಳಮ್ಮಾ" ಎಂದರು. ನನಗೆ ಬಾಯಿ ಬರಲಿಲ್ಲ. ಮೈದುನ ಹೇಳಿದ. ಇನ್ನು ಯಾವ ಆಯಸ್ಸು ಕಾಯುವುದಿತ್ತು ನನಗೆ!

ಈ ಬೇಸಿಗೆಯಲ್ಲಿ ನೀರು ತುಂಬ ಇಳಿದಿದೆ. ಅಷ್ಟೆಲ್ಲ ಪಾಡುಪಟ್ಟು ಹಾಯಿ ಕಟ್ಟಿ ಮುಟ್ಟಿದ ನಮ್ಮ ದ್ವೀಪಕ್ಕೆ ಈಗ ಕಾಲು ನೆನೆಯದೆ ನಡೆದು ಹೋಗಬಹುದು. ಮೊನ್ನೆ ಹೋದೆ. ಮೂರು ಹುಣಸೆಮರಗಳಲ್ಲಿ ಎರಡು ಸತ್ತಿವೆ. ನಾವು ಗುದ್ದಿದ ಮರ ಇನ್ನೂ ಇದೆ. ಅದರ ಬುಡದಲ್ಲಿ ಕೂತು ಸುತ್ತ ನೋಡಿದೆ. ಯಾರೂ ಇರಲಿಲ್ಲ, ಬರೀ ಬೆಳ್ಳಕ್ಕಿ. ಎದ್ದು ನಿಂತು ಅವರ ಹೆಸರು ಹಿಡಿದು ಕೂಗಿದೆ. ಮೊದಲನೆಯ ಸಲ ಬೆಳ್ಳಕ್ಕಿಗೂ ಕೇಳಿಸಲಿಲ್ಲ. ಎರಡನೆಯ ಸಲ ಗಟ್ಟಿಯಾಗಿ ಬಂತು.

"ಏನವ್ವಾ? ಕರುದ್ರಾ?"

ನನ್ನ ಎದೆ ಒಡೆದುಹೋಯಿತು ಎಂದುಕೊಂಡೆ! ದಿಬ್ಬದ ಆ ಮಗ್ಗುಲಿಂದ ಎಮ್ಮೆ ಮೇಯಿಸುವ ಆಚೆ ದಡದ ಊರಿನವನೊಬ್ಬ, ನರೆತ ಗಡ್ಡದವನು, ಕೋಲು ಹಿಡಿದು ಮೇಲೆ ಬಂದ. ಅವನ ಹೆಸರೂ ಅದೇ. ನಾನು ಮೊದಲೇ ಹೇಳಲಿಲ್ಲವೆ, ಸಾಧಾರಣವಾದ ಹೆಸರು.

"ನಿನ್ನನ್ನಲ್ಲ ಕಣಪ್ಪ" ಎಂದೆ. "ನಮ್ಮ ಯಜಮಾನರನ್ನ."

ಅವನು ಬಿರುಕುಬಿಟ್ಟ ಕೆಸರನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದ. "ಯಾರೂ ಕಾಣಾಕಿಲ್ವಲ್ಲವ್ವಾ. ಯಾರು ನಿಮ್ಮ ಯಜಮಾನ್ರು?"

"ಹರಿಗೋಲಿಗೆ ಹಾಯಿ ಕಟ್ಟಿಕೊಂಡು ಇಲ್ಲೆಲ್ಲ ಸುತ್ತುತ್ತಿದ್ದರಲ್ಲ, ಒಂದು ದಿನ ಖಾಕಿ ಕೋಟೂ ಹಾಕಿಕೊಂಡು. ಅವರು ನಮ್ಮ ಯಜಮಾನರು."

"ಓಹೋಹೋ, ಅವ್ರಾ!" ಎಂದು ಅವನು ಹಲ್ಲಿಲ್ಲದ ಬಾಯಿ ತುಂಬ ನಕ್ಕ. "ನಾನು ನೋಡಿವ್ನಿ ಬುಡಿ. ಕೆಂಪು ಸೀರೆ ಕಟ್ಟಿದ್ರು ಹಾಯಿಗೆ. ಯಾರ್ದೋ ಏನೋ ಆ ಸೀರೆ, ನಮ್ಮೂರೆಲ್ಲ ನಗ್ತಿದ್ವಿ."

"ನನ್ನದು ಕಣಪ್ಪ," ಎಂದೆ, "ನನ್ನ ಸೀರೆ ಅದು."