ಕೂರಲಾರದವನನ್ನು ಕೂರಿಸಿದ ಹಸಿರು ಚಟ್ನಿಗೆ

ಶ್ರೀಮಾನ್ ಹಸಿರು ಚಟ್ನಿಯವರ ಸನ್ನಿಧಾನಕ್ಕೆ,
ಕಿಟಕಿ ಪಕ್ಕದ ಮೂರನೇ ಟೇಬಲ್, ನಮ್ಮ ಬೀದಿ ತಿರುವಿನ ಮೆಕ್ಸಿಕನ್ ಹೋಟೆಲ್.

ಮಾನ್ಯರೇ,

ಹತ್ತನೇ ಕ್ಲಾಸ್ ಓದಿದ ಲಿಫ್ಟ್ ಮೆಕ್ಯಾನಿಕ್ ಒಬ್ಬನ ನಮಸ್ಕಾರಗಳು. ತಾವು ಬಟ್ಟಲಲ್ಲಿ ಕ್ಷೇಮವೆಂದು ನಂಬಿದ್ದೇನೆ. ಇತ್ತ ನನ್ನ ನಾಲಿಗೆ ಇನ್ನೂ ಕ್ಷೇಮವಾಗಿಲ್ಲ.

ನಾನು ಒಂದು ಕಡೆ ಕೂರುವ ಆಸಾಮಿಯಲ್ಲ. ನನ್ನ ಕಾಲಿಗೆ ಚಕ್ರ ಕಟ್ಟಿದೆ ಎಂದು ಅಮ್ಮನೇ ಬೈಯುತ್ತಾಳೆ. ನಾನು ಮೆಚ್ಚಿದ ಹುಡುಗಿಯ ಅಪ್ಪನಾದರೋ ಮೂವತ್ತು ವರ್ಷ ಒಂದೇ ಸ್ಟೂಲಿನ ಮೇಲೆ ಕೂತು ವಾಚ್ ರಿಪೇರಿ ಮಾಡಿದವರು. "ಹತ್ತು ನಿಮಿಷ ನೆಟ್ಟಗೆ ಕೂರದೋನಿಗೆ ಮಗಳನ್ನ ಹೇಗಯ್ಯಾ ಕೊಡ್ಲಿ? ಒಂದು ಗಂಟೆ ಕೂತು ತೋರ್ಸು" ಎಂದುಬಿಟ್ಟರು. ತಮ್ಮ ಹೋಟೆಲಿನಲ್ಲಿ ಗಿಟಾರಿನವನು ಕಿವಿಯೊಳಗೇ ಹಾಡುತ್ತಾನೆ, ಪಕ್ಕದವರ ಮೊಣಕೈ ನಮ್ಮ ತಟ್ಟೆಯಲ್ಲಿರುತ್ತದೆ, ಮೆಕ್ಸಿಕೊ ಅಡುಗೆಗೆ ಪೆರು ದೇಶದ ಒಗ್ಗರಣೆಯೂ ಬಿದ್ದಿರುತ್ತದೆ, ಹಾಗಾಗಿ ಹೊತ್ತು ಹೋಗಿದ್ದೇ ತಿಳಿಯದೆಂದು ಪರೀಕ್ಷೆಗೆ ಆ ಜಾಗವನ್ನು ನಾನೇ ಆರಿಸಿದೆ.

ಅವರು ಮಗಳೊಂದಿಗೆ ನನ್ನೆದುರು ಕೂತು, ವಾಚ್ ಬಿಚ್ಚಿ ಟೇಬಲ್ ಮೇಲಿಟ್ಟರು. ಟಾಕೊ ತಿಂದೆ, ನಿಂಬೆರಸದಲ್ಲಿ ನೆನೆಸಿದ ಪೆರುವಿನ ಹಸಿ ಮೀನನ್ನೂ ತಿಂದೆ. ನಲವತ್ತು ನಿಮಿಷ ಬುದ್ಧನಂತೆ ಕೂತಿದ್ದೆ. ಆಗ ತಾವು ಪುದೀನದಂಥ ಮುಗ್ಧ ಮುಖ ಹೊತ್ತು ದಯಮಾಡಿಸಿದಿರಿ. ಜೊತೆಗೆ ಕಿವಿ ಕೆರೆಯುವ ಕಡ್ಡಿಯಷ್ಟೇ ಚಮಚ! ಇಷ್ಟಿಷ್ಟೇ ಬಡಿಸಿಕೊಳ್ಳುವ ತಾಳ್ಮೆ ಯಾರಿಗಿದೆ ಎಂದು ಅದನ್ನು ಪಕ್ಕಕ್ಕೆ ತಳ್ಳಿ, ಅನ್ನದ ಸೌಟಿನಲ್ಲೇ ತಮ್ಮನ್ನು ಬಾಯಿಗೆ ಬರಮಾಡಿಕೊಂಡೆ.

ಮುಂದಿನದನ್ನು ಹೊಗಳಲು ನನ್ನ ವಿದ್ಯೆ ಸಾಲದು. ನನ್ನ ಏಳೂ ತಲೆಮಾರಿನವರು ಒಟ್ಟಿಗೆ ಕಣ್ಣ ಮುಂದೆ ಬಂದು ನೀರು ಕೇಳಿದರು. ಏಳಲು ಹೊರಟವನ ಎರಡೂ ಪಾದಗಳನ್ನು ಹುಡುಗಿ ಟೇಬಲಿನಡಿ ತುಳಿದು ಹಿಡಿದು, "ಎದ್ರೆ ನಮ್ಮ ಕಥೆ ಮುಗೀತು ಕಣೋ" ಎಂದು ಪಿಸುಗುಟ್ಟಿದಳು. ಕೂತೇ ಇದ್ದೆ. ಕಣ್ಣು, ಮೂಗು ಎರಡೂ ನಲ್ಲಿಯಾದವು. ಅವಳಪ್ಪ ಕರಗಿಹೋಗಿ, "ನನ್ನ ಮಗಳಿಗೋಸ್ಕರ ಅಳ್ತಿದ್ದಾನಲ್ಲೇ!" ಎಂದು ಮನಸ್ಸು ತುಂಬಿ, ಅದೇ ಸೌಟಿನಲ್ಲಿ ತಮ್ಮನ್ನು ಎತ್ತಿ ಬಾಯಿಗಿಟ್ಟುಕೊಂಡರು.

ಮೂವತ್ತು ವರ್ಷ ಕದಲದವರು ಮೂರೇ ಸೆಕೆಂಡಿನಲ್ಲಿ ಅಡುಗೆಮನೆಯ ನಲ್ಲಿಯ ಕೆಳಗಿದ್ದರು. ಗಿಟಾರಿನವನು ಅದನ್ನು ಕುಣಿತವೆಂದು ತಿಳಿದು ಹಿಂದೆಯೇ ಓಡಿದ. ತೊಯ್ದ ಮೀಸೆಯೊಂದಿಗೆ ಹಿಂದಿರುಗಿದ ಹಿರಿಯರು ನನ್ನ ಭುಜ ತಟ್ಟಿ, "ಇದನ್ನ ತಿಂದೂ ಕೂತಿದ್ಯಲ್ಲೋ ಮಹರಾಯ! ಮಗಳು ನಿನಗೇ. ಇಂಥ ತಾಳ್ಮೆ ಹಾಳಾಗಬಾರದು, ಭಾನುವಾರದಿಂದ ಅಂಗಡೀಲಿ ನನ್ನ ಪಕ್ಕದ ಸ್ಟೂಲು ನಿಂದು" ಎಂದರು.

ನನ್ನ ದೂರು ಇದೇ, ಸ್ವಾಮಿ. ಹೆಣ್ಣು ಸಿಕ್ಕಿತು, ಸ್ಟೂಲೂ ಗಂಟುಬಿತ್ತು. ಆದ್ದರಿಂದ ಇನ್ನು ಮುಂದೆ ತಾವು ಹಸಿರು ಬಣ್ಣ ಬಿಟ್ಟು ಕೆಂಪಾಗಿ ಬರಬೇಕು, ಬರುವಾಗ ಸೈರನ್ ಕೂಗಬೇಕು, ಬೆನ್ನಿಗೊಂದು ಕೆರೆಯನ್ನೂ ಕರೆತರಬೇಕು. ಹಾಗೆಯೇ ತಾವು ಖುದ್ದಾಗಿ ಮಾವನವರ ಅಂಗಡಿಗೆ ಹೋಗಿ, ಆ ತಾಳ್ಮೆ ಹುಡುಗನದಲ್ಲ, ಅವನ ಕಾಲು ತುಳಿದವಳದು ಎಂದು ತಿಳಿಸಬೇಕು. ಆದರೆ ಮದುವೆ ಮುಗಿದ ಮೇಲೆ.

ಉರಿಯುವ ಬಾಯಿಂದ,
ತಮ್ಮ ವಿಶ್ವಾಸಿ,
ಸದ್ಯಕ್ಕೆ ಕೂತಿರುವವನು

ತಾ.ಕ.: ಭಾನುವಾರ ಅಂಗಡಿಗೆ ತಮ್ಮನ್ನು ಸಣ್ಣ ಡಬ್ಬಿಯಲ್ಲಿ ಕರೆದೊಯ್ಯುತ್ತಿದ್ದೇನೆ. ಮಧ್ಯಾಹ್ನದ ಊಟಕ್ಕೆ ಮಾವನವರು ಒಂದು ಸೌಟು ಬಡಿಸಿಕೊಂಡರೆ ಸಾಕು. ಅವರನ್ನು ಹಿಡಿದು ತರುವ ನೆಪದಲ್ಲಿ ನಾನೂ ಓಡಬಹುದು.